ಒಂದೂ ಸರಿಯಿಲ್ಲದ ಪರೀಕ್ಷೆ

ಮುದುಕಿ ನಾಟಕವಾಡುತ್ತಿದ್ದಾಳೆ ಎಂಬುದರಲ್ಲಿ ಸಂಶೋಧಕಿಗೆ ಇನ್ನು ಅನುಮಾನ ಉಳಿಯಲಿಲ್ಲ.

ವಿಶ್ವವಿದ್ಯಾಲಯದ ಮರೆವಿನ ರೋಗದ ಅಧ್ಯಯನಕ್ಕೆ ಈ ಸಲ ಹೊಸ ಪರೀಕ್ಷೆಯೊಂದು ಸೇರಿತ್ತು. ಮೊದಲು ಒಂದಷ್ಟು ಚಿತ್ರ ತೋರಿಸುವುದು. ಆಮೇಲೆ ಎರಡೆರಡು ಚಿತ್ರಗಳನ್ನು ಮುಂದಿಟ್ಟು, ಆಗ ನೋಡಿದ್ದು ಯಾವುದೆಂದು ಕೇಳುವುದು. ಏನೂ ನೆನಪಿಲ್ಲದವರು ಕಣ್ಣು ಮುಚ್ಚಿ ಬೆರಳಿಟ್ಟರೂ ಹೆಚ್ಚುಕಡಿಮೆ ಅರ್ಧದಷ್ಟು ಸರಿಯಾಗುತ್ತದೆ. ಈಕೆಯದು ಒಂದೂ ಸರಿಯಿರಲಿಲ್ಲ. ಅಷ್ಟೂ ತಪ್ಪಬೇಕಾದರೆ ಅಷ್ಟೂ ನೆನಪಿರಬೇಕು.

ಸಂಶೋಧಕಿಗೆ ಮೈಯೆಲ್ಲ ಉರಿಯಿತು. ನಿಜವಾದ ರೋಗಿಗಳು ಈ ಜಾಗಕ್ಕಾಗಿ ಕಾಯುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಆ ಗಂಡನ ಮುಖ ನೆನೆದು ಸಂಕಟವಾಯಿತು.

ಆತ ನಿವೃತ್ತ ಬಸ್ ಚಾಲಕ. ಹೆಂಡತಿಯನ್ನು ಸೇರಿಸಿಕೊಳ್ಳಿ ಎಂದು ಅಂಗಲಾಚಿದವನೇ ಅವನು. ಬಂದಾಗಲೆಲ್ಲ ಅವಳ ಕೈ ಬಿಗಿಯಾಗಿ ಹಿಡಿದು, ಅರ್ಧ ಹೆಜ್ಜೆ ಹಿಂದೆಯೇ ನಡೆಯುತ್ತಿದ್ದ. ಬಿಟ್ಟರೆ ಕಳೆದುಹೋಗುತ್ತಾಳಂತೆ. ಜೀವಮಾನವೆಲ್ಲ ಬಸ್ಸು ಓಡಿಸಿ ಒಬ್ಬ ಪ್ರಯಾಣಿಕನನ್ನೂ ಕಳೆದವನಲ್ಲ, ಮನೆಯವಳನ್ನು ಕಳೆದುಕೊಳ್ಳುತ್ತೇನೆಯೇ ಎಂಬುದು ಅವನ ಮಾಮೂಲಿ ತಮಾಷೆ. ಇವತ್ತು ಎರಡು ಸಲ ಹೇಳಿದ. ಸಂಶೋಧಕಿ ಎರಡು ಸಲವೂ ನಕ್ಕಳು.

ಹೆಂಡತಿಯ ಮರೆವಿನ ಬಗ್ಗೆ ಕೇಳಿದರೆ ಮಾತ್ರ ಅವನ ತಮಾಷೆ ನಿಲ್ಲುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಮರೆತು ಪಾತ್ರೆ ಸೀದು ಕರಕಲಾಯಿತಂತೆ. ಮೊನ್ನೆ ಅಂಗಡಿಗೆ ಹೋಗಿ, ಸ್ವಂತ ಬೀದಿಯಲ್ಲೇ ಮನೆ ಯಾವುದೆಂದು ತಿಳಿಯದೆ ಅಳುತ್ತಾ ನಿಂತಿದ್ದಳಂತೆ. ನೀವು ಕಣ್ಣಾರೆ ಕಂಡಿರಾ ಎಂದು ಸಂಶೋಧಕಿ ಕೇಳಿದ್ದಕ್ಕೆ, ಪಾಪ, ಅವಳೇ ಹೇಳಿದಳು ಎಂದ. ಅಲ್ಲಿಗೆ ಎಲ್ಲ ತಿಳಿಯಿತು. ಬಾಯಿಗೆ ಬಂದ ಕಥೆ ಕಟ್ಟಿ ಆ ಬಡಪಾಯಿಯನ್ನು ಕುಣಿಸುತ್ತಿದ್ದಳು.

ಗಂಡನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಸಂಶೋಧಕಿ ಬಾಗಿಲು ಹಾಕಿದಳು. ಮುದುಕಿ ಕುರ್ಚಿ ಸರಿಸಿಕೊಂಡು, ಬಾಗಿಲ ಗಾಜಿನಾಚೆ ಅವನು ಕಾಣುವಂತೆ ಕುಳಿತಳು.

"ನಿಮಗೆ ಯಾವ ಕಾಯಿಲೆಯೂ ಇಲ್ಲ," ಎಂದಳು ಸಂಶೋಧಕಿ. "ಆ ಮನುಷ್ಯ ನಿಮ್ಮ ಚಿಂತೆಯಲ್ಲೇ ಕೊರಗಿ ಅರ್ಧ ಆಗಿಹೋಗಿದಾರೆ. ನಿಮಗೆ ಕರುಳು ಅನ್ನೋದು ಇಲ್ವಾ?"

ಮುದುಕಿ ವಾದಿಸಲಿಲ್ಲ. ಎಷ್ಟು ತಪ್ಪಿದರೆ ಸಾಕೆಂದು ತಿಳಿಯಲಿಲ್ಲ ಎಂದಷ್ಟೇ ಒಪ್ಪಿಕೊಂಡಳು.

ಅಧ್ಯಯನದಿಂದ ಹೆಸರು ತೆಗೆಯಬೇಕಾಗುತ್ತದೆ, ಯಾಕೆಂದು ಗಂಡನಿಗೂ ಹೇಳಲೇಬೇಕು ಎಂದು ಸಂಶೋಧಕಿ ಎದ್ದಳು. ಮುದುಕಿ ಗಾಬರಿಯಾಗಿ ಅವಳ ಕೈ ಹಿಡಿದುಕೊಂಡಳು.

"ಹೆಸರು ತೆಗೀರಿ. ಅವರಿಗೆ ಮಾತ್ರ ಹೇಳಬೇಡಿ, ನಿಮ್ಮ ದಮ್ಮಯ್ಯ."

"ಯಾಕೆ ಹೇಳಬಾರದು?"

ಹೊರಗೆ ಮುದುಕ ಬೆಂಚಿನಿಂದ ಎದ್ದು, ಉದ್ದನೆಯ ಓಣಿಯನ್ನು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡುತ್ತಾ ನಿಂತಿದ್ದ.

"ಕಾಯಿಲೆ ಇರೋದು ನಿಮಗೆ ಅಂತ ಅವರಿಗೆ ಹೇಳಿದಾಗಲೆಲ್ಲ, ಅದೇ ಮೊದಲ ಸಲ ಕೇಳಿದ ಹಾಗೆ ಅಳ್ತಿದ್ರಮ್ಮ. ನೋಡೋಕಾಗದೆ ಒಂದು ದಿನ, ನಿಮಗಲ್ಲ, ನನಗೆ ಅಂದುಬಿಟ್ಟೆ. ಅದೊಂದನ್ನ ಮಾತ್ರ ಅವರು ಮರೆತಿಲ್ಲ."