ಟಗರು ಬಾಗಿಲಿಗೆ ಬರುವ ಮುನ್ನ

ಹಳೆಯ ಜೀಪು ಎರಡು ಸಲ ಕೆಮ್ಮಿ, ಸರಿಯಾಗಿ ಕಲ್ಮುರಾತನ ಗುಡಾರದ ಮುಂದೆಯೇ ನಿಂತಿತು. ಈ ಬೇಸಿಗೆಯಲ್ಲಿ ಇದು ಒಂಬತ್ತನೆಯದು. ಸೋನ್-ಕುಲ್ ಸರೋವರದ ದಂಡೆಯಲ್ಲಿ ಇಪ್ಪತ್ತು ಗುಡಾರಗಳಿದ್ದವು. ಕೆಟ್ಟ ಗಾಡಿಗಳ ಕಣ್ಣಿಗೆ ಬೀಳುತ್ತಿದ್ದುದು ಮಾತ್ರ ಇವನ ಬಾಗಿಲೊಂದೇ.

ಇಳಿದವನಿಗೆ ಮೂವತ್ತರ ಆಸುಪಾಸು, ಹೆಸರು ಎಸೆನ್. "ಅಣ್ಣಾ, ನಂಗೆ ಓಡಿಸೋದಷ್ಟೇ ಗೊತ್ತು. ಒಳಗೆ ಏನಿದೆಯೋ ಆ ದೇವರೇ ಬಲ್ಲ" ಎಂದವನೇ ಹುಲ್ಲಿನ ಮೇಲೆ ಕಾಲು ಚಾಚಿ ಕೂತ. ಊಟಕ್ಕೆ ಬಂದವರು ಕೂರುವ ಹಾಗೆಯೇ ಇತ್ತು ಆ ಕೂರುವಿಕೆ.

ಗಾಡಿ ಕೆಟ್ಟು ಬಾಗಿಲಿಗೆ ಬಂದವನು ದೇವರು ಕಳಿಸಿದ ಅತಿಥಿ. ಅವನಿಗೆ ಕುರಿ ಕೊಯ್ಯದಿದ್ದರೆ ಮೂರು ಕಣಿವೆಗಳಲ್ಲಿ ಮಾನ ಹೋಗುತ್ತದೆ. ಕುರಿಯನ್ನು ಬಾಗಿಲಿಗೆ ತಂದು ನಿಲ್ಲಿಸಬೇಕು, ಅತಿಥಿ ಅಂಗೈ ಬಿಡಿಸಿ ಹರಸಬೇಕು. ಹರಸಿದ ಮೇಲೆ ಆ ಕುರಿಯನ್ನು ಯಾರೂ ಉಳಿಸಲಾರರು. ಅದಕ್ಕೂ ಮೊದಲೇ ಅತಿಥಿ ಹೊರಟು ನಿಂತರೆ ಒಂದು ಚೂರು ರೊಟ್ಟಿ ಬಾಯಿಗೆ ಹಾಕಿಕೊಂಡರೂ ಸಾಕು, ಮನೆಯ ಮರ್ಯಾದೆ ಉಳಿಯಿತು. ಕಲ್ಮುರಾತ ಜಿಪುಣ, ಅದನ್ನು ಅವನೂ ಅಲ್ಲಗಳೆಯುತ್ತಿರಲಿಲ್ಲ. ಹಿಂದೆ ಸರ್ಕಾರಿ ಹೊಲದ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಕಲಿತಿದ್ದ ರಿಪೇರಿ ಕೆಲಸ ಈಗ ಅವನಿಗೆ ಬೇಕಾಗಿದ್ದುದು ಒಂದೇ ಕಾರಣಕ್ಕೆ: ಕುರಿ ಬಾಗಿಲಿಗೆ ಬರುವ ಮೊದಲೇ ಗಾಡಿ ಸರಿಮಾಡಿ ಅತಿಥಿಯನ್ನು ಸಾಗಹಾಕಲು.

"ರೀ, ಯಾವುದನ್ನ ಹಿಡೀಲಿ?" ಹೆಂಡತಿ ಬುರುಲ್ ಅತಿಥಿಗೆ ಕೇಳುವಷ್ಟು ಗಟ್ಟಿಯಾಗಿಯೇ ಕೂಗಿದಳು. "ಬೋಜ್‌ನನ್ನೇ ಹಿಡಿದುಬಿಡ್ಲಾ? ಚೆನ್ನಾಗಿ ಕೊಬ್ಬಿರೋದು ಅದೊಂದೇ."

ಕಲ್ಮುರಾತನಿಗೆ ಕಣ್ಣು ಕತ್ತಲೆಯಾಯಿತು. ಬೋಜ್ ಅವನ ಬೂದು ಟಗರು. ತಾಯಿ ಸತ್ತ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ, ತನ್ನ ಕೋಟಿನೊಳಗೆ ಬೆಚ್ಚಗೆ ಇಟ್ಟುಕೊಂಡು ಸಾಕಿದ್ದ. ಬರುವ ತಿಂಗಳ ಕುರಿಗಳ ಪ್ರದರ್ಶನದಲ್ಲಿ ಬಹುಮಾನ ಅದಕ್ಕೇ ಎಂದು ಇಡೀ ದಂಡೆ ಹೇಳುತ್ತಿತ್ತು. ಮಕ್ಕಳ ಮೇಲೂ ಅವನಿಗೆ ಅಷ್ಟು ಪ್ರೀತಿ ಇತ್ತೋ ಇಲ್ಲವೋ. ಆದರೆ ಅತಿಥಿಯ ಎದುರು ಬೇಡ ಎನ್ನುವುದು ಹೇಗೆ?

"ಹಿಡಿ" ಎಂದವನು ಬಾನೆಟ್ ಎತ್ತಿದ.

ಪ್ಲಗ್ಗಿನ ವೈರು ಕಿತ್ತು ಕಬ್ಬಿಣಕ್ಕೆ ಹಿಡಿದ. "ಎದ್ದು ಕೀ ತಿರುಗಿಸು." ನೀಲಿ ಕಿಡಿ ಹಾರಿತು. ಅಂದರೆ ಕರೆಂಟ್ ಸರಿಯಿದೆ. ಕಾರ್ಬುರೇಟರಿಗೆ ಬರುವ ಪೈಪು ಬಿಚ್ಚಿದ. "ಇನ್ನೊಂದ್ಸಲ." ಒಂದು ಹನಿ ಪೆಟ್ರೋಲೂ ಬರಲಿಲ್ಲ. ಟ್ಯಾಂಕು ತುಂಬಿತ್ತು. ಹಾಗಾದರೆ ಪಂಪು. ಕೈ ಚಾಚಿದ. ಕೇಳುವ ಮೊದಲೇ ಹತ್ತನೇ ನಂಬರಿನ ಸ್ಪ್ಯಾನರ್ ಅಂಗೈಗೆ ಬಂತು.

ಕಲ್ಮುರಾತ ತಲೆ ಎತ್ತಿ ನೋಡಿದ. ಎಸೆನ್‌ನ ಉಗುರುಗಳಲ್ಲಿ ಹಳೆಯ ಗ್ರೀಸು ಕಪ್ಪಗೆ ಕೂತಿತ್ತು. ಏನೂ ಗೊತ್ತಿಲ್ಲವಂತೆ. ಕಳ್ಳ, ಮಾಂಸಕ್ಕೆ ಬಾಯಿ ಬಿಟ್ಟುಕೊಂಡು ಬಂದಿದ್ದಾನೆ.

ಪಂಪಿನೊಳಗಿನ ರಬ್ಬರು ಪೊರೆ ಹರಿದಿತ್ತು. "ಪುಣ್ಯಕ್ಕೆ ಡಿಕ್ಕೀಲಿ ಹೊಸದೊಂದು ಬಿದ್ದಿತ್ತು, ನೋಡಿ ಅಣ್ಣಾ" ಎಂದು ಎಸೆನ್ ಕೈಗಿಟ್ಟ. "ನರಿನ್ ಪಟ್ಟಣದಲ್ಲಿ ನುರ್ದಿನ್ ಅನ್ನೋರ ಗ್ಯಾರೇಜಿದೆಯಲ್ಲ, ಎಂಥ ಗಾಡಿನೂ ಒಂದೇ ದಿನಕ್ಕೆ ರೆಡಿ ಮಾಡ್ತಾರಂತೆ."

"ನನ್ನ ಭಾಮೈದ ಅವನು. ಪ್ಲಗ್ ಯಾವುದು ಮೊಳೆ ಯಾವುದು ಗೊತ್ತಿಲ್ಲ ಆ ಮಂಕನಿಗೆ. ನನ್ನ ಮುಂದೆ ಅವನ ಹೆಸರೆತ್ತಬೇಡ."

ಅದೇ ಭಾಮೈದ ಅಕ್ಕನಿಗೆ ಕಳಿಸಿದ್ದ ಹೊಸ ಒಲೆಯ ಮೇಲೆ ನೀರು ಕುದಿಯತೊಡಗಿತ್ತು. ಮೇಲೆ ಇಳಿಜಾರಿನಲ್ಲಿ ಬುರುಲ್ ಟಗರಿನ ಹಿಂದೆ ಓಡುತ್ತಿದ್ದಳು. ಪಳಗದ ಕುದುರೆಯನ್ನೇ ಬರಿಗೈಯಲ್ಲಿ ಹಿಡಿಯುವ ಹೆಂಗಸು. ಅತಿಥಿ ಬಂದ ದಿನ ಮಾತ್ರ ಅವಳಿಗೆ ಕುರಿ ಸಿಗುತ್ತಿರಲಿಲ್ಲ. ಚಿಟಿಕೆ ಉಪ್ಪು ತೋರಿಸಿದ್ದರೆ ಬೋಜ್ ತಾನಾಗಿಯೇ ಬರುತ್ತಿತ್ತು. ಸದ್ಯ, ಅವಳಿಗೆ ಉಪ್ಪಿನ ನೆನಪಾಗಿರಲಿಲ್ಲ.

ಎಂಜಿನ್ ಗುರ್ ಎಂದಿತು. "ಹೊರಡಪ್ಪ ಇನ್ನು."

"ಅಂದಹಾಗೆ ಅಣ್ಣಾ, ಮುಂದಿನ ಚಕ್ರ ಎಳೆಯೋದಿಲ್ಲ. ಕೆಸರಲ್ಲಿ ಹಿಂದಿನ ಎರಡೇ ತಿರುಗ್ತವೆ. ಹಿಂಗೇ ಕಣಿವೆ ದಾಟೋದು ಹೆಂಗೆ? ಇವತ್ತು ಇಲ್ಲೇ ಉಳಿದುಬಿಡ್ತೀನಿ."

ಬೇಕೆಂದೇ ಹೊತ್ತು ಕಳೆಯುತ್ತಿದ್ದಾನೆ, ಟಗರು ಬರಲಿ ಎಂದು. ಕಲ್ಮುರಾತ ಹಲ್ಲು ಕಚ್ಚಿ ಮುಂದಿನ ಒಂದೊಂದು ಚಕ್ರದ ನಟ್ಟನಡುವಿನ ಮುಚ್ಚಳ ಬಿಚ್ಚಿದ. ಒಳಗೆ ಗ್ರೀಸು ಕಲ್ಲಾಗಿ, ಚಕ್ರವನ್ನು ಅಚ್ಚಿಗೆ ಸೇರಿಸುವ ಹಲ್ಲು ಕಚ್ಚದೆ ನಿಂತಿತ್ತು. ಪೆಟ್ರೋಲಿನಲ್ಲಿ ತೊಳೆದು ಕೂರಿಸಿದ.

"ಬ್ರೇಕೂ ಸ್ವಲ್ಪ ಮೆತ್ತಗಿದೆ ಅಣ್ಣಾ."

"ಪೈಪಲ್ಲಿ ಗಾಳಿ ಸೇರಿದೆ. ಒಳಗೆ ಹತ್ತಿ ಪೆಡಲ್ ಒತ್ತು." ಎಸೆನ್ ಹೇಳಿಸಿಕೊಳ್ಳದೆಯೇ ಮೂರು ಸಲ ಒತ್ತಿ ನಾಲ್ಕನೆಯದಕ್ಕೆ ಹಿಡಿದು ನಿಂತ. ಕಲ್ಮುರಾತ ತಿರುಪು ಸಡಿಲಿಸಿ ಗಾಳಿ ಬಿಟ್ಟ, ಬಿಗಿದ. ಹೀಗೆ ನಾಲ್ಕು ಚಕ್ರಕ್ಕೂ.

ಕೊನೆಯ ತಿರುಪು ಬಿಗಿಯುವುದಕ್ಕೂ ಬುರುಲ್ ಏದುಸಿರು ಬಿಡುತ್ತ ಬೋಜ್‌ನ ಕೊಂಬು ಹಿಡಿದು ಬಾಗಿಲಿಗೆ ಎಳೆತರುವುದಕ್ಕೂ ಸರಿಹೋಯಿತು. ಎಸೆನ್ ಜೀಪಿನಿಂದಿಳಿದು ಟಗರನ್ನು ನೋಡಿದ. ಅವನ ಅಂಗೈಗಳು ಮೆಲ್ಲನೆ ಮೇಲೆದ್ದವು.

"ಗಾಡಿ ರೆಡಿ" ಎಂದು ಕಲ್ಮುರಾತ ಆ ಅಂಗೈಗಳಿಗೆ ರೊಟ್ಟಿ ತುರುಕಿದ. "ಕಣಿವೆಯಲ್ಲಿ ಮಳೆ ಬರೋ ಹಾಗಿದೆ. ತಡ ಮಾಡಬೇಡ."

ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಎಸೆನ್ ಚೂರು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಸಪ್ಪೆ ಮುಖದಲ್ಲಿ ಹೊರಟ.

ಕಲ್ಮುರಾತ ಟಗರಿನ ಕೊರಳನ್ನು ತಬ್ಬಿಕೊಂಡ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಇಡೀ ದಂಡೆಯಲ್ಲಿ ತನ್ನಷ್ಟು ಜಾಣ ಯಾರೂ ಇಲ್ಲ ಎಂದು ಅದರ ಕಿವಿಯಲ್ಲಿ ಹೇಳಿದ.

ಬುರುಲ್ ಫೋನು ತೆಗೆದುಕೊಂಡು ಸಿಗ್ನಲ್ ಸಿಗುವ ದಿಬ್ಬ ಹತ್ತಿದಳು. ಅಲ್ಲಿಂದ ಮಾತು ಗಂಡನಿಗೆ ಕೇಳಿಸುತ್ತಿರಲಿಲ್ಲ.

"ನುರ್ದಿನ್, ಗಾಡಿ ಹೊರಡ್ತು ಕಣೋ. ಪಂಪು, ಮುಂದಿನ ಚಕ್ರ, ಬ್ರೇಕು, ಎಸೆನ್‌ಗೆ ನೀನು ಬರೆದುಕೊಟ್ಟಿದ್ದೆಲ್ಲ ಆಯ್ತು, ಸಂಜೆಗೆ ಬಂದು ತಗೊಂಡು ಹೋಗಿ ಅನ್ನು ಗಾಡಿ ಮಾಲೀಕರಿಗೆ. ನನ್ನ ಹೊಲಿಗೆ ಮಷಿನ್ ಮರೀಬೇಡ. ನಾಳಿದ್ದು ಕಳಿಸೋ ಗಾಡಿಗೆ ಗೇರ್‌ಬಾಕ್ಸ್ ಬಿಚ್ಚಬೇಕು ಅಂದ್ಯಲ್ಲ, ಚಿಂತೆ ಬಿಡು, ಆವತ್ತು ಕರಿ ಕುರಿ ಹಿಂದೆ ಓಡ್ತೀನಿ, ಅದು ಸಂಜೆ ತನಕ ಯಾರ ಕೈಗೂ ಸಿಗಲ್ಲ."