ಶುಕ್ರವಾರದ ಹಾರ

ಹಾರ ಹಿಡಿದುಕೊಂಡು ಯಶೋದ ಗೋಡೆಯ ಮುಂದೆ ನಿಂತೇ ಇದ್ದಳು. ಸಾಕಮ್ಮನ ಫೋಟೊ ಬಂದರೆ ತಾನೇ ಹಾಕುವುದು? ಸತ್ತ ಮೊದಲನೆಯ ಹೆಂಡತಿಗೆ ಶುಕ್ರವಾರ ಶುಕ್ರವಾರ ಹೂವೇರಿಸುವ ಕೆಲಸ ಎರಡನೆಯವಳದ್ದು. ಮೊದಲಾದರೆ ಕಟ್ಟು ಹಾಕಿಸಿದ ಒಂದೇ ಫೋಟೊ, ಹಾಕಿದರೆ ಮುಗಿಯಿತು. ಈಗ ನಾಗಮಂಗಲಕ್ಕೆ ಕೊಟ್ಟಿರುವ ಸಾಕಮ್ಮನ ಮಗಳು ಸ್ನೇಹ ಬಂದು, ಅದೇ ಮೊಳೆಗೆ ಡಿಜಿಟಲ್ ಫ್ರೇಮು ತಗುಲಿಹಾಕಿ ಹೋಗಿದ್ದಾಳೆ. ಅದರಲ್ಲಿ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಬಂದು ಹೋಗುತ್ತಾರೆ.

ಸಾಕಮ್ಮ ಬಂದಳು. ಸೀರೆ ಬದಲಿಸಿಕೊಂಡು ಮತ್ತೆ ಮತ್ತೆ ಬಂದಳು: ಗದ್ದೆ ಬದುವಿನ ಮೇಲೆ, ಮೇಲುಕೋಟೆ ಮೆಟ್ಟಿಲ ಮೇಲೆ, ಗಂಡನ ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು.

"ಇದ್ದಾಗ ಇಷ್ಟು ನಗ್ತಿದ್ಲೋ ಇಲ್ವೋ!" ಎಂದು ಗೊಣಗಿದ ಯಶೋದ, ಹಾರವನ್ನು ಎಸೆದಂತೆ ಹಾಕಿ, ತಿರುಗಿಯೂ ನೋಡದೆ ಅಡುಗೆಮನೆಗೆ ಹೋದಳು.

"ಅಯ್ಯೋ!"

ಗಂಡ ಚಿಕ್ಕಯ್ಯ ಕೂಗಿದ ರಭಸಕ್ಕೆ ಓಡಿ ಬಂದಳು. ಹಾರದೊಳಗೆ ಈಗ ಯಶೋದಳೇ ನಿಂತಿದ್ದಳು, ಸ್ನೇಹ ಫ್ರೇಮಿಗೆ ಹಾಕಿದ್ದ ಅವಳ ಒಂದೇ ಒಂದು ಫೋಟೊ. ಚಿಕ್ಕಯ್ಯ ಹಾರ ಕಿತ್ತ; ಸೇವಂತಿಗೆ ನೆಲದ ತುಂಬ ಚೆಲ್ಲಿತು. ಸಾಕಮ್ಮನ ಹೂವನ್ನು ತುಳಿದುಕೊಂಡೇ ಬಂದು ಯಶೋದಳ ರಟ್ಟೆ ಹಿಡಿದ.

"ಬುಡ್ತು ಅನ್ನಮ್ಮಿ! ಬದುಕಿರೋಳ್ಗೆ ಹಾರ ಬಿದ್ಬುಟ್ಟೈತೆ, ಬಿರ್ರನೆ ಬುಡ್ತು ಅನ್ನು!"

ಅವನ ಕಣ್ಣಲ್ಲಿ ನೀರಾಡಿದ್ದನ್ನು ಯಶೋದ ಕಂಡಳು. ಬುಡ್ತು ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಇನ್ನೊಂದು ಸಲ ಕೇಳಲಿ ಎಂದು ತುಟಿ ಬಿಗಿಹಿಡಿದಳು.