ಕಿಟಕಿಗೆ ಕಟ್ಟಿದ ಕಂಬಳಿ

ಬಿಸಿಲಿಗೆ ಹರವಿದ ಕಂಬಳಿಯ ಉಣ್ಣೆ ವಾಸನೆ ನನಗೆ ಈಗಲೂ ಸಿನಿಮಾದ ವಾಸನೆ.

ಎಪ್ಪತ್ತರ ದಶಕದ ಒಂದು ಮಧ್ಯಾಹ್ನ ಚಿಕ್ಕಜಾಜೂರಿನ ರೈಲ್ವೆ ನೌಕರರ ಹಾಲ್‌ನಲ್ಲಿ ಇಂಗ್ಲೆಂಡಿನ ಹಳೆಯ ಪ್ರೇಮದ ಸಿನಿಮಾ ಹಾಕಿದ್ದರು. ಕತ್ತಲಾಗಲೆಂದು ಕಿಟಕಿಗಳಿಗೆ ನಮ್ಮ ಮನೆಯ ಕರಿ ಕಂಬಳಿಗಳನ್ನು ಕಟ್ಟಿದ್ದರು. ಅವನ್ನು ಕಾಯಲು ಬಂದ ಅಜ್ಜಿ ನನ್ನನ್ನೂ ಕರೆತಂದಿದ್ದಳು. ಜಗಳವಾಗಿ ತಾತನೊಂದಿಗೆ ಅವಳು ಮಾತು ಬಿಟ್ಟಿದ್ದ ದಿನಗಳವು.

ತೆರೆಯ ಮೇಲೆ ಹುಡುಗ ಹುಡುಗಿ ಕಚ್ಚಾಡುತ್ತಲೇ ಇದ್ದರು. ಭಾಷೆ ತಿಳಿಯದಿದ್ದರೂ ಅಜ್ಜಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಮಂಜು ಕವಿದ ಗುಡ್ಡದಲ್ಲಿ ಇಬ್ಬರೂ ಒಂದೇ ಕಂಬಳಿಯ ಮೇಲೆ ಕುಳಿತರು. ನಮ್ಮ ಕುರುಬರ ಮದುವೆಯಲ್ಲಿ ಗಂಡು ಹೆಣ್ಣು ಇಬ್ಬರನ್ನೂ ಕೂರಿಸುವುದು ಕಂಬಳಿಯ ಮೇಲೆಯೇ.

“ಮದುವೆ ಆತು, ನಡಿ ಹೋಗಾಣ,” ಎಂದು ಎದ್ದ ಅಜ್ಜಿ ಕಿಟಕಿಯ ಕಂಬಳಿ ಬಿಚ್ಚತೊಡಗಿದಳು. ಬಿಸಿಲು ನುಗ್ಗಿ ಹುಡುಗ ಹುಡುಗಿ ಮಾಯವಾದರು. ಜನ ಕೂಗಾಡಿದರು.

“ಮದುವೆ ಆದ ಮ್ಯಾಲೆ ಏನ್ ನೋಡ್ತೀರಪ್ಪ?”

ಮನೆಗೆ ಬಂದವಳೇ ಅದೇ ಕಂಬಳಿಯನ್ನು ಜಗಲಿಗೆ ಹಾಸಿ ಒಂದು ತುದಿಯಲ್ಲಿ ಕುಳಿತಳು. ನಾನು ಅವಳ ಪಕ್ಕ ಕೂರಲು ಹೋದೆ.

“ಏಯ್, ಅಲ್ಲಿ ಕುಂತ್ಕಬ್ಯಾಡ,” ಎಂದಳು, ಒಳಗಿದ್ದ ತಾತನಿಗೂ ಕೇಳುವಷ್ಟು ಜೋರಾಗಿ.

ತಾತ ಕೆಮ್ಮುತ್ತಾ ಹೊರಗೆ ಬಂದ.